ಪುಸೆಲೆತ್ಸೊ ಹೊದಿಸಿದ ತೋಟ

ಸೆಮೊಂಕಾಂಗ್ ಬೆಟ್ಟಗಳ ಆ ಊರಿನಲ್ಲಿ ಮಾಕಾಬೆಲೊಳ ತೋಟದಷ್ಟು ಚೊಕ್ಕಟವಾದ ತೋಟ ಇನ್ನೊಂದಿರಲಿಲ್ಲ. ಸೊಂಟದೆತ್ತರಕ್ಕೆ ಕಲ್ಲು ಕಟ್ಟಿದ ದುಂಡನೆಯ ಪಾತಿ, ನಡುವೆ ಮುಸುರೆ ಸುರಿಯಲು ಕಡ್ಡಿಯ ಬುಟ್ಟಿ. ಮೇ ತಿಂಗಳಲ್ಲಿ, ಭೂಮಿಯ ದಕ್ಷಿಣದ ಆ ನಾಡಿನ ಚಳಿಗಾಲ ಮೂಡುತ್ತಿದ್ದಂತೆ, ಅವಳು ಒಣ ದಂಟುಗಳನ್ನೆಲ್ಲ ಕಿತ್ತು ಸುಟ್ಟು, ಮಣ್ಣನ್ನು ಅಗೆದು ಬೋಳು ಮಾಡಿಬಿಡುತ್ತಿದ್ದಳು. ಪಕ್ಕದ ಮನೆಯ ಪುಸೆಲೆತ್ಸೊಳ ತೋಟ ಕಂಡರೆ ಅವಳಿಗೆ ಮೈಯುರಿ. ಅಲ್ಲಿ ದಂಟು ನಿಂತಲ್ಲೇ ಒಣಗುತ್ತಿತ್ತು, ಎಲೆ ಬಿದ್ದಲ್ಲೇ ಕೊಳೆಯುತ್ತಿತ್ತು.

"ಹೆಂಗಸಿರೋ ಮನೆನಾ ಇದು? ಹಂದಿ ಹೊಕ್ಕಂಗಿದೆ!" ಎಂದು ಬೇಲಿಯಾಚೆ ಕೇಳುವಂತೆಯೇ ಅನ್ನುತ್ತಿದ್ದಳು. ಪುಸೆಲೆತ್ಸೊ ನಕ್ಕು ತನ್ನ ಕೆಲಸ ಮುಂದುವರಿಸುತ್ತಿದ್ದಳು.

ಆ ವರ್ಷ ಚಳಿ ಹತ್ತಿರವಾದಾಗ ಮಾಕಾಬೆಲೊ ನೀರು ತರುತ್ತ ಹಳ್ಳದ ಬಂಡೆಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಳು. ಪಟ್ಟಿ ಕಟ್ಟಿಸಿಕೊಂಡು, ಕುದುರೆಯ ಮೇಲೆ ಮನೆಗೆ ಬಂದವಳಿಗೆ ಕಾಲಿಗಿಂತ ತೋಟದ್ದೇ ಚಿಂತೆ.

ಮರುದಿನ ಕಿಟಕಿಯಲ್ಲಿ ನೋಡಿದರೆ ಪುಸೆಲೆತ್ಸೊ ಅವಳ ಪಾತಿಯ ಬಳಿ ಬಗ್ಗಿ ನಿಂತಿದ್ದಳು. ಅಗೆಯುತ್ತಿರಲಿಲ್ಲ. ಹುರುಳಿಕಾಯಿ ಗಿಡಗಳನ್ನು ಬೇರು ಮಣ್ಣಲ್ಲೇ ಉಳಿಯುವಂತೆ ಕೊಯ್ದು, ಸೊಪ್ಪಿನ ಬುಡಕ್ಕೆ ಕುರಿಗೊಬ್ಬರ ಹಾಕಿ, ಮೇಲೆ ಹಳೆಯ ಹುಲ್ಲು ಹರಡುತ್ತಿದ್ದಳು. ಆ ಹುಲ್ಲನ್ನು ತಬ್ಬಿ ತಬ್ಬಿ ತಂದು ಕೊಡುತ್ತಿದ್ದವನು ಮಾಕಾಬೆಲೊಳ ಗಂಡ ಲೆಟ್ಲಾಟ್ಸ. ಅವನದು ಚಾವಣಿಗೆ ಹುಲ್ಲು ಹೊದಿಸುವ ಕಸುಬು.

"ಏಯ್! ಹಳೇ ಚಾವಣಿ ಕಸ ತಂದು ನನ್ ತೋಟಕ್ಕೆ ಸುರೀತಿದ್ದೀಯೇನೇ?"

"ಕಸ ಅಲ್ಲ ಅವ್ವಾ, ಹೊದಿಕೆ. ಈ ಚಳೀಲಿ ಕಂಬಳಿ ಇಲ್ದೆ ನೀವು ಮಲಗ್ತೀರಾ? ಮಣ್ಣಿಗೂ ಹಂಗೇ."

"ಆ ಒಣ ದಂಟಾದ್ರೂ ಕಿತ್ತು ಸುಡೇ!"

"ಅದರ ಪೊಳ್ಳಲ್ಲಿ ಗುಲಗಂಜಿ ಹುಳ ಮಲಗಿರ್ತವೆ. ಅವನ್ನ ಸುಟ್ರೆ ಮುಂದೆ ಗಿಡದ ಹೇನು ತಿನ್ನೋರ್ಯಾರು, ನೀವಾ?"

ಲೆಟ್ಲಾಟ್ಸ ಕಿಸಕ್ಕನೆ ನಕ್ಕ. "ನೀನೂ ಅವಳ ಕಡೆನಾ?" ಎಂದು ಹೆಂಡತಿ ಸಿಡುಕಿದಳು.

"ಮಾರಾಯ್ತಿ, ಮುರಿದಿರೋದು ಕಾಲು, ನಾಲಿಗೆ ಅಲ್ಲ ಅಂತ ಖುಷಿ ಪಡ್ತಿದ್ದೀನಿ."

ಮಾಕಾಬೆಲೊ ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಆದರೂ ಪುಸೆಲೆತ್ಸೊ ದಿನವೂ ಬಂದಳು. ಪಾತ್ರೆ ತೊಳೆದ ನೀರನ್ನು ಪಾತಿಯ ಬುಟ್ಟಿಗೆ ಸುರಿದು, ಒಲೆಗೆ ಸಗಣಿ ಬೆರಣಿ ಒಟ್ಟಿ, ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಒಂದು ದಿನ ಅವಳೇ ಹೇಳಿದಳು: "ನಾನು ಚಿಕ್ಕೋಳಿದ್ದಾಗ ನಮ್ಮಪ್ಪನ ಹೊಲದ ಮಣ್ಣೆಲ್ಲ ಗಾಳಿ ಮಳೆಗೆ ಹೋಗಿ ಬರೀ ಕಲ್ಲು ಉಳೀತು ಅವ್ವಾ. ಅವತ್ತಿಂದ ಬೋಳು ನೆಲ ಕಂಡ್ರೆ ಭಯ."

ಬೇಲಿಯಾಚೆಯ ಈ ಹೆಣ್ಣಿನ ಎದೆಯಲ್ಲೇನಿದೆ ಎಂದು ಇಷ್ಟು ವರ್ಷ ಕೇಳಿರಲೇ ಇಲ್ಲವಲ್ಲ ಎನ್ನಿಸಿ ಮಾಕಾಬೆಲೊ ಅವಳತ್ತ ಹೊರಳಿ ಮಲಗಿದಳು.

ಜುಲೈನಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು. ಲೆಟ್ಲಾಟ್ಸ ಪಾತಿಯ ಹಿಮ ಸರಿಸಿ, ಹುಲ್ಲಿನಡಿಯಿಂದ ಹಸಿರು ಸೊಪ್ಪು ಕೊಯ್ದು ತಂದ. ಬಿಸಿ ಜೋಳದ ಮುದ್ದೆಯ ಜೊತೆ ಅದನ್ನುಂಡ ಮಾಕಾಬೆಲೊ ಇನ್ನಷ್ಟು ಸೊಪ್ಪಿಗೆ ತಟ್ಟೆ ಮುಂದೆ ಚಾಚಿದಳು.

ಪೀಚ್ ಮರಗಳು ಹೂಬಿಟ್ಟಾಗ ಅವಳು ಕೋಲೂರಿ ತೋಟಕ್ಕೆ ಬಂದಳು. ಹುಲ್ಲಿನಡಿ ಕೈಯಿಟ್ಟರೆ ಮಣ್ಣು ತೇವವಾಗಿ, ಮೆತ್ತಗೆ, ಎರೆಹುಳುಗಳಿಂದ ಮಿಸುಕುತ್ತಿತ್ತು.

"ಪುಸೆಲೆತ್ಸೊ, ಬಾರೇ ಇಲ್ಲಿ!"

"ಏನವ್ವಾ, ಬೈಯೋದು ಇನ್ನೂ ಇದ್ಯಾ?"

"ಇದೆ. ಇದನ್ನೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪೊರಕೆ ಹಿಡ್ಕೊಂಡು ಬರ್ತಿದ್ರಿ!"

ಮಾಕಾಬೆಲೊ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಪುಸೆಲೆತ್ಸೊಳ ಮಣ್ಣಾದ ಕೈಗಳೆರಡನ್ನೂ ಹಿಡಿದು, "ನಿನ್ನ ಋಣ ದೊಡ್ಡದು ಕಣೇ ಮಗಳೇ. ದೇವರು ನಿನ್ನ ಬೆಚ್ಚಗಿಟ್ಟಿರ್ಲಿ" ಎಂದಳು.

ಈಗ ಚಳಿಗಾಲಕ್ಕೆ ಮುಂಚೆ ಇಬ್ಬರೂ ಮನೆಮನೆಗೆ ಹೋಗಿ ಹಳೆಯ ಚಾವಣಿ ಹುಲ್ಲು ಕೇಳಿ ತರುತ್ತಾರೆ. "ಕಸದೋರು ಬಂದ್ರು" ಎಂದು ಯಾರಾದರೂ ಅಂದರೆ, ಜವಾಬು ಕೊಡಲು ಮಾಕಾಬೆಲೊಳೇ ಮುಂದು.