ಹಳದಿ ಪೆನ್ನಿನ ಪದಗಳು

ಜರ್ಮನ್ ಭಾಷೆಯ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಅದನ್ನು ಕಲಿಸಿದ ಮೇಷ್ಟ್ರ ಮೇಲಿನ ಸಿಟ್ಟಿನ ಮುಂದೆ ಅದೇನೂ ಅಲ್ಲ. ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸೂ ಇಲ್ಲ.

ನಾನು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಜರ್ಮನಿಯಲ್ಲಿ ಕೆಲಸ ಸಿಗಬೇಕಾದರೆ ಅವರ ಭಾಷೆಯ ಪರೀಕ್ಷೆ ಪಾಸಾಗಬೇಕಿತ್ತು. ಡ್ಯೂಟಿ ಮುಗಿಸಿ ಕೋಚಿಂಗ್‌ಗೆ ಹೋಗಿ, ಸಂಜೆ ರೈಲಿನಲ್ಲಿ ನಿಟ್ಟೂರಿಗೆ ಮರಳುತ್ತಿದ್ದೆ. ಕೋಚಿಂಗ್ ಕಡೆಯಿಂದ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವವನು ಆ ಮೇಷ್ಟ್ರೇ.

"ಕನ್ನಡ ಮರ್ತ್‌ಬುಡಿ. ಇಂಗ್ಲಿಷಲ್ಲೇ ಯೋಚ್ನೆ ಮಾಡಿ," ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ಎಲ್ಲ ಪದಗಳ ಮುಂದೆಯೂ ಒಂದೇ 'ದ' (the). ಜರ್ಮನ್ನಿನಲ್ಲಿ ಗಂಡಿಗೆ 'ಡೇರ್', ಹೆಣ್ಣಿಗೆ 'ಡೀ', ಎರಡೂ ಅಲ್ಲದ್ದಕ್ಕೆ 'ಡಾಸ್' ಎಂದು ಮೂರು. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಹುಡುಗಿಯೂ ಎರಡೂ ಅಲ್ಲವಂತೆ, ಅವರ ಮುಖಕ್ಕಿಷ್ಟು! ಇಂಗ್ಲಿಷಿನಲ್ಲಿ ಯೋಚಿಸಿದರೆ ಇದು ಯಾವ ಜನ್ಮಕ್ಕೆ ತಲೆಗೆ ಹತ್ತೀತು? 'ಅವನು ನಾಳೆ ಬರುತ್ತಾನೆಂದು ಗೊತ್ತು' ಎಂಬಂಥ ಮಾತಿನಲ್ಲಿ ಜರ್ಮನ್ನರೂ ನಮ್ಮಂತೆ 'ನಾಳೆ' ಮೊದಲು, 'ಬರುತ್ತಾನೆ' ಆಮೇಲೆ ಹೇಳುತ್ತಾರೆ. ಇಂಗ್ಲಿಷಿನಲ್ಲಿ ತಿರುಗುಮುರುಗು. ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅರ್ಧ ಗಂಟೆ ನಿಲ್ಲಿಸಿದ.

ಆಸ್ಪತ್ರೆಯ ಕಸಕ್ಕೆ ಹಳದಿ, ಕೆಂಪು, ನೀಲಿ ಬಕೆಟ್‌ಗಳಿವೆ. ರಕ್ತದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ಟ್ಯೂಬ್ ಕೆಂಪಿಗೆ, ಗಾಜು ನೀಲಿಗೆ. ನಮ್ಮ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಹಾಗಾಗಿ ನಾನೂ ಒಂದು ನೋಟ್ ಪುಸ್ತಕದಲ್ಲಿ ಗಂಡು ಪದಗಳನ್ನು ನೀಲಿ, ಹೆಣ್ಣು ಪದಗಳನ್ನು ಕೆಂಪು, ಎರಡೂ ಅಲ್ಲದವನ್ನು ಹಳದಿ ಪೆನ್ನಿನಲ್ಲಿ ಬರೆದುಕೊಂಡೆ. ಒಂದೇ ತಿಂಗಳಲ್ಲಿ ತಪ್ಪುಗಳು ನಿಂತವು.

ಮೇಷ್ಟ್ರ ಕಣ್ಣಿಗೆ ಪುಸ್ತಕ ಬಿತ್ತು.

"ಏನಮ್ಮಾ ಇದು, ಎಲ್‌ಕೆಜಿನಾ?" ಎಂದು ಕಿತ್ತುಕೊಂಡು ಡ್ರಾಯರಿಗೆ ಹಾಕಿದ. ಪರೀಕ್ಷೆಯ ಪಟ್ಟಿಯಿಂದ ನನ್ನ ಹೆಸರನ್ನೂ ತೆಗೆದ. ಎಲ್ಲರ ಮುಂದೆ ಅತ್ತುಬಿಟ್ಟೆ. ಅತ್ತಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಕೋಪ.

ಕ್ಲಾಸ್ ಬಿಟ್ಟೆ. ರೈಲಿನಲ್ಲೇ ಕೂತು ಇನ್ನೊಂದು ಪುಸ್ತಕ ಬರೆದೆ, ಬೆಂಗಳೂರಿಗೆ ಹೋಗಿ ನಾನೇ ಪರೀಕ್ಷೆ ಕಟ್ಟಿ ಪಾಸಾದೆ. ಈಗ ವೀಸಾಕ್ಕೆ ಕಾಯುತ್ತಿದ್ದೇನೆ.

ಹೋದ ವಾರ ನಮ್ಮ ವಾರ್ಡಿನ ನರ್ಸ್, ಕುಣಿಗಲ್ ಹುಡುಗಿ, ಊಟದ ಹೊತ್ತಿನಲ್ಲಿ ಕೆಲವು ಜೆರಾಕ್ಸ್ ಹಾಳೆ ತಂದಳು. ಅವಳೂ ಅದೇ ಕೋಚಿಂಗ್‌ಗೆ ಸೇರಿದ್ದಾಳೆ. ಹಾಳೆಯ ತಲೆಗೆ ಕೋಚಿಂಗ್ ಸೆಂಟರಿನ ಸೀಲು, ಕೆಳಗೆ ನನ್ನ ಕೈಬರಹ. ಮೈ ಉರಿದುಹೋಯಿತು. ಕೆಂಪು, ನೀಲಿ ಎರಡೂ ಒಂದೇ ಕಪ್ಪಾಗಿದ್ದವು. ಹಳದಿಯಲ್ಲಿ ಬರೆದದ್ದು ಮೂಡಿಯೇ ಇರಲಿಲ್ಲ. ಚಾಕು ಇಲ್ಲ, ಹುಡುಗಿ ಇಲ್ಲ.

"ಅಕ್ಕಾ, 'ಖಾಲಿ ಜಾಗ ನೀವೇ ತುಂಬ್ಕೊಳಿ, ಎಕ್ಸರ್‌ಸೈಜು' ಅಂದವ್ರೆ ಸರ್ರು. ಏನ್ ಬರೀಲಿ?"

ಬ್ಯಾಗಿನಿಂದ ನನ್ನ ಎರಡನೇ ಪುಸ್ತಕ ತೆಗೆದು ಅವಳ ಕೈಗಿಟ್ಟೆ.

"ಇದನ್ನ್ ನೋಡ್ಕೊಂಡ್ ತುಂಬು. ಆವಯ್ಯನ ಕಣ್ಣಿಗ್ ಮಾತ್ರ ಬೀಳಿಸ್ಬೇಡ ಕಣೇ."