ಮನೆ ಮರಕ್ಕೆ ಸುಣ್ಣ

ನಮ್ಮ ಜಿಲ್ಲೆಯ ಹೆಸರು ಹೇಳಿದ ಕೂಡಲೇ ಹೊರಗಿನವರ ಮುಖದಲ್ಲಿ ಒಂದು 'ಅಯ್ಯೋ ಪಾಪ' ಮೂಡುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು, "ಕೋಲಾರದ ಕಡೆಯವರಾ? ನಿಮ್ಮಲ್ಲಿ ನೀರೇ ಇಲ್ಲವಂತಲ್ಲ, ಹೇಗೆ ಬದುಕುತ್ತೀರೋ!" ಎನ್ನುತ್ತಾರೆ. ಹಾಗೆ ಅನ್ನುವಾಗ ಅವರ ಎಲೆಯಲ್ಲಿ ನಮ್ಮ ಟೊಮೆಟೊ ಸಾರು ಇರುತ್ತದೆ, ಪಾಯಸದಲ್ಲಿ ನಮ್ಮ ಹಾಲು ಇರುತ್ತದೆ, ಉಟ್ಟ ಸೀರೆಯಲ್ಲಿ ನಮ್ಮ ಹುಳು ಕಟ್ಟಿದ ರೇಷ್ಮೆ ಇರುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. "ಹೀಗೇ ಬದುಕುತ್ತೇವೆ, ನಿಮಗೆ ಬಡಿಸಿಕೊಂಡು" ಎಂದು ಹೇಳಿ ಹಪ್ಪಳ ಮುರಿಯುತ್ತೇನೆ.

ವರ್ಷವಿಡೀ ಹರಿಯುವ ನದಿ ನಮ್ಮಲ್ಲಿಲ್ಲ, ನಿಜ. ಪಾಲಾರ್ ನಮ್ಮಲ್ಲಿ ಹರಿದ ಶಾಸ್ತ್ರ ಮಾಡಿ, ಆಂಧ್ರ ದಾಟಿ ತಮಿಳುನಾಡಿಗೆ ಹೋಗಿಬಿಡುತ್ತದೆ. ಅದಕ್ಕೇ ಹಿಂದಿನವರು ನದಿಯನ್ನು ನೆಚ್ಚಿಕೊಳ್ಳದೆ ಊರೂರಿಗೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ ನೀರು. ಈಗ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿದ್ದೇವೆ ಎಂದು ಹೇಳಿ ಪೈಪಿನಲ್ಲಿ ನಮ್ಮ ಕೆಲವು ಕೆರೆಗಳಿಗೆ ತುಂಬಿಸುತ್ತಾರೆ. ನಾವು ಅವರಿಗೆ ಹಾಲು, ಹೂವು, ತರಕಾರಿ ಕಳಿಸುತ್ತೇವೆ, ಅವರು ನಮಗೆ ಸ್ನಾನ ಮಾಡಿದ ನೀರು ಕಳಿಸುತ್ತಾರೆ. ಇಷ್ಟಾದ ಮೇಲೂ ಪಾಪ ಅನ್ನಿಸಿಕೊಳ್ಳಬೇಕಾದವರು ನಾವೇ!

ನಾನು ಹುಟ್ಟಿದ್ದು ಹೋಳೂರಿನ ಹತ್ತಿರ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ಶ್ರೀನಿವಾಸಪುರ ತಾಲ್ಲೂಕಿಗೆ, ಯಲ್ದೂರಿನ ಕಡೆಯ ಒಂದು ಮಾವಿನ ತೋಟದ ಮನೆಗೆ. ದೂರವೇನಲ್ಲ, ಆದರೆ ಲೋಕವೇ ಬೇರೆ. ತವರಿನಲ್ಲಿ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಊಟ ಬಿಟ್ಟು ಕೆಲಸ ಮಾಡಬೇಕು. ಇಲ್ಲಿ ನೋಡಿದರೆ ಗಂಡಸರು ಜಗುಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದರು. ಏಕೆಂದರೆ ಕೆಲಸವಿರುವ ತಿಂಗಳುಗಳಲ್ಲಿ ತೋಟ ಅವರದಾಗಿರುತ್ತಿರಲಿಲ್ಲ.

ಅದು ಹೀಗೆ. ಸಂಕ್ರಾಂತಿಯ ಹೊತ್ತಿಗೆ ಮರಗಳು ಹೂ ಬಿಡುತ್ತವೆ. ಹೂ ನೋಡಿಕೊಂಡು ವ್ಯಾಪಾರಿ ಬರುತ್ತಾನೆ, ಕತ್ತು ಎತ್ತಿ ತೋಟವೆಲ್ಲ ಸುತ್ತುತ್ತಾನೆ, ಗುತ್ತಿಗೆಗೆ ಒಂದು ಬೆಲೆ ಹೇಳುತ್ತಾನೆ. ಒಪ್ಪಿದರೆ ಆವತ್ತಿನಿಂದ ಔಷಧಿ ಹೊಡೆಯುವುದು, ಕಾಯುವುದು, ಕೀಳುವುದು, ಮಂಡಿಗೆ ಸಾಗಿಸುವುದು ಎಲ್ಲ ಅವನದು. ಗಾಳಿಗೆ ಉದುರಿದರೂ ಅವನ ತಲೆನೋವು. ತೋಟದವರಿಗೆ ಚಿಂತೆಯಿಲ್ಲ. ಆದರೆ ಕೊನೆಯ ಕಾಯಿ ಇಳಿಯುವವರೆಗೆ ಸ್ವಂತ ಮರದಿಂದ ಒಂದು ಮಿಡಿ ಕಿತ್ತರೂ ಅದು ಕಳ್ಳತನ.

ಅದಕ್ಕೇ ನಮ್ಮ ಮನೆಯಲ್ಲಿ ಒಂದು ಮರವನ್ನು ಗುತ್ತಿಗೆಯಿಂದ ಹೊರಗೆ ಇಟ್ಟುಕೊಳ್ಳುವ ಪದ್ಧತಿ ಇತ್ತು. ಅದಕ್ಕೆ ಮನೆ ಮರ ಎಂದು ಹೆಸರು. ನಮ್ಮದು ನಾಟಿ ಮರ. ಬಾದಾಮಿ, ಬೇನಿಷಾ, ತೋತಾಪುರಿ ಎಲ್ಲ ನಮ್ಮ ಮಾವ ಆಮೇಲೆ ನೆಟ್ಟವು. ಅದಕ್ಕೂ ಮುಂಚೆ ಅಲ್ಲೆಲ್ಲ ರಾಗಿ, ಹುರುಳಿ, ಕಡಲೆಕಾಯಿ ಬೆಳೆಯುತ್ತಿದ್ದ ಕಾಲದಲ್ಲೇ ಈ ಮರ ಹೊಲದ ಮೂಲೆಯಲ್ಲಿ ನಿಂತಿತ್ತಂತೆ. ರಾಗಿ ಹೊಲದಲ್ಲಿ ಯಾರಾದರೂ ಮರ ನೆಡುತ್ತಾರೆಯೇ ಎಂದು ಊರವರು ನಕ್ಕಾಗ, ಮಾವ ಈ ಮರವನ್ನು ತೋರಿಸಿ, "ಇದಕ್ಕೆ ಯಾರು ನೀರು ಹಾಕಿದ್ರು?" ಎಂದು ಕೇಳುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅವರು ಇರಲಿಲ್ಲ. ಈ ಮಾತು ನನ್ನ ಅತ್ತೆ ಹೇಳಿದ್ದು.

ಸಂಕ್ರಾಂತಿಗೆ ಮನೆಗೆ ಸುಣ್ಣ ಬಳಿದು ಉಳಿದದ್ದನ್ನು ಅತ್ತೆ ಒಂದು ಡಬ್ಬದಲ್ಲಿ ತೆಗೆದುಕೊಂಡು ಹೋಗಿ ಮನೆ ಮರದ ಬುಡಕ್ಕೆ ಸುತ್ತ ಒಂದು ಪಟ್ಟೆ ಬಳಿಯುತ್ತಿದ್ದರು. ಸುಣ್ಣ ಇದ್ದ ಮರ ಮನೆಯದು, ಇಲ್ಲದ್ದೆಲ್ಲ ವ್ಯಾಪಾರಿಯದು. ಬರೆದುಕೊಂಡದ್ದಿಲ್ಲ, ಸಾಕ್ಷಿ ಇಲ್ಲ, ಅಷ್ಟೇ ಒಪ್ಪಂದ. ಕಾಯಿ ಬಲಿತಾಗ ಅತ್ತೆ ಉಪ್ಪಿನಕಾಯಿಗೆ ಒಂದಿಷ್ಟು ಇಟ್ಟುಕೊಂಡು, ಉಳಿದದ್ದನ್ನು ಬುಟ್ಟಿಗಳಲ್ಲಿ ಹುಲ್ಲು ಹಾಸಿ ತುಂಬಿ ಬಸ್ಸಿಗೆ ಹಾಕಿಸುತ್ತಿದ್ದರು. ಒಂದು ಬುಟ್ಟಿ ಮುಳಬಾಗಿಲಿಗೆ, ಲೆಕ್ಕಪತ್ರ ನೋಡುವವರನ್ನು ಮದುವೆಯಾದ ದೊಡ್ಡ ನಾದಿನಿಗೆ. ಒಂದು ಮಾಲೂರಿಗೆ, ಇಟ್ಟಿಗೆ ಗೂಡಿನ ಪಕ್ಕ ಹೂ ಬೆಳೆಯುವ ಮನೆ ಸೇರಿದ ಚಿಕ್ಕ ನಾದಿನಿಗೆ. ಒಂದು ನನ್ನ ತವರಿಗೆ. ಜಿಲ್ಲೆಯ ಭೂಪಟವನ್ನು ಶಾಲೆಯಲ್ಲಿ ಬರೆದಿದ್ದೆ, ಆದರೆ ನಿಜವಾಗಿ ಕಲಿತದ್ದು ಈ ಬುಟ್ಟಿಗಳು ಹೋಗುವ ದಾರಿಯಿಂದ. ಹೆಣ್ಣುಮಕ್ಕಳಿಗೆ ಹೊಲದಲ್ಲಿ ಪಾಲು ಬರೆಯದ ಮನೆ ನಮ್ಮದು. ಆ ಬುಟ್ಟಿಯೇ ಅವರ ಪಾಲು.

ಕೆಲವು ವರ್ಷಗಳ ಹಿಂದೆ ಮಾವಿನ ಮಳೆ ಜೋರಾಗಿ ಬಂತು. ಬೇಸಿಗೆಯ ನಡುವೆ ಬೀಳುವ ಆ ಮಳೆಗೆ ಮರದ ಸುಣ್ಣ ತೊಳೆದುಹೋಗಿದ್ದನ್ನು ನಾವು ಯಾರೂ ಗಮನಿಸಲಿಲ್ಲ. ನಾವು ಮರವನ್ನೇ ಬಲ್ಲವರು, ಪಟ್ಟೆ ನೋಡಿ ಗುರುತು ಹಿಡಿಯಬೇಕಾಗಿರಲಿಲ್ಲ. ಒಂದು ಬೆಳಿಗ್ಗೆ ನಾನು ಕವಲಿನ ಮೇಲೆ ನಿಂತು ದೋಟಿಯಿಂದ ಕಾಯಿ ಇಳಿಸುತ್ತಿದ್ದೆ. ಅರ್ಧ ಬುಟ್ಟಿ ತುಂಬಿತ್ತು. ಕೆಳಗಿನಿಂದ ಒಂದು ಕೂಗು ಬಂತು.

"ಎವರಮ್ಮಾ ಅದಿ? ದಿಗು! ದೊಂಗತನಮಾ?"

ಆಂಧ್ರದ ಗಡಿಯಾಚೆಯಿಂದ ಆ ವರ್ಷ ಹೊಸದಾಗಿ ಬಂದಿದ್ದ, ವ್ಯಾಪಾರಿಯ ಕಾವಲುಗಾರ. ಯಾರಮ್ಮಾ ಅದು, ಇಳಿ, ಕಳ್ಳತನವಾ ಎಂದು ಅವನು ಕೂಗಿದ್ದು. ಅಷ್ಟು ತೆಲುಗು ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಇದು ಮನೆ ಮರ ಎಂದೆ. ಅವನು ಬುಡದ ಸುತ್ತ ಬಂದು, ಸುಣ್ಣವೆಲ್ಲಿ ಎಂದು ಕೇಳಿದ. ನಾನು ಇಳಿಯುವಷ್ಟರಲ್ಲಿ ಬುಟ್ಟಿ ಅವನ ತಲೆಯ ಮೇಲಿತ್ತು. ರಸ್ತೆಯಲ್ಲಿ ಡೇರಿಗೆ ಹಾಲು ಹಾಕಿ ಬರುತ್ತಿದ್ದವರೆಲ್ಲ ನಿಂತು ನೋಡಿದರು. ನನ್ನ ಗಂಡನ ಮನೆಯ ಮರದಡಿಯಲ್ಲಿ ನಾನು ಕಳ್ಳಿಯಾಗಿ ನಿಂತಿದ್ದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು, ಈಗಲೂ ಅದು ಪೂರ್ತಿ ಇಳಿದಿಲ್ಲ.

ಗಂಡನನ್ನು ಕರೆದುಕೊಂಡು ವ್ಯಾಪಾರಿಯ ಶೆಡ್ಡಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ನನ್ನ ಬುಟ್ಟಿಯ ಕಾಯಿ ರಾಶಿಯಲ್ಲಿ ಬೆರೆತುಹೋಗಿತ್ತು. ಅಷ್ಟೇ ಅಲ್ಲ, ಅವನ ಆಳುಗಳು ಸುಣ್ಣವಿಲ್ಲದ ಮರ ಎಂದುಕೊಂಡು ಮನೆ ಮರವನ್ನೂ ಬೋಳು ಮಾಡಿ ಕಾಯನ್ನೆಲ್ಲ ಲಾರಿಗೆ ಏರಿಸಿದ್ದರು. ವ್ಯಾಪಾರಿ ಕೆಟ್ಟವನಲ್ಲ, ಕುರ್ಚಿ ಹಾಕಿಸಿದ, ಟೀ ತರಿಸಿದ.

"ತಪ್ಪು ತಿಳ್ಕೋಬೇಡಿ ಅಕ್ಕ, ಅವ್ನು ಹೊಸಬ," ಎಂದ. "ಒಂದ್ ಮಾತು ಹೇಳ್ತೀನಿ. ಈ ಒಂದು ಮರದಿಂದ ಸುಮ್ನೆ ತಕರಾರು. ಮುಂದಿನ್ ವರ್ಷದಿಂದ ಇದನ್ನೂ ಸೇರಿಸಿ ನಮ್ಗೇ ಬಿಟ್ಬಿಡಿ. ನಿಮ್ಗೆ ಎಷ್ಟು ಕಾಯಿ ಬೇಕೋ ನಾನೇ ಕೊಡ್ತೀನಿ."

"ಯಾರ ಕಾಯಿ ಯಾರಿಗೆ ಕೊಡ್ತೀಯಪ್ಪಾ ನೀನು?" ಎಂದೆ.

ನನ್ನ ಗಂಡ ಜಗಳದ ವಾಸನೆ ಬಂದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುಬಿಡುವವರು. ಎದ್ದರು. "ನೋಡೋಣ, ಮುಂದಿನ್ ವರ್ಷ ಮಾತಾಡೋಣ," ಎಂದರು. ವ್ಯಾಪಾರಿ ನಮ್ಮ ಗಾಡಿಗೆ ಹಾಕಿಸಿದ ತೋತಾಪುರಿ ಕ್ರೇಟನ್ನು ನಾನೇ ಇಳಿಸಿ ಅವನ ಮುಂದೆ ಇಟ್ಟು ಬಂದೆ.

ಆ ವರ್ಷ ಬುಟ್ಟಿ ಹೋಗಲಿಲ್ಲ. ಮಾಲೂರಿನ ನಾದಿನಿ ಫೋನ್ ಮಾಡಿದಳು. ಬೆಳೆ, ಮಳೆ, ಹಸು ಎಲ್ಲ ಮಾತಾಡಿ ಕೊನೆಗೆ, "ಅತ್ಗೆ, ಈ ಸಲ ಕಾಯಿ ಬರ್ಲಿಲ್ಲ. ಅಮ್ಮಂಗೆ ನಾನು ಮರ್ತೋದ್ನಾ?" ಎಂದಳು. ಹಣ್ಣು ಅವಳಿಗೆ ಮಾಲೂರು ಸಂತೆಯಲ್ಲೂ ಸಿಗುತ್ತದೆ. ಅವಳು ಕೇಳಿದ್ದು ಹಣ್ಣನ್ನಲ್ಲ. ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಆವತ್ತೇ ಗಂಡನಿಗೆ ಹೇಳಿದೆ, ಇನ್ನು ಮೇಲೆ ತೋಟ ಗುತ್ತಿಗೆಗೆ ಕೊಡುವುದು ಬೇಡ ಎಂದು.

"ತಲೆ ಕೆಟ್ಟಿದ್ಯೇನೇ ನಿಂಗೆ? ಔಷಧಿ ಯಾರು ಹೊಡೀತಾರೆ? ಮಂಡೀಲಿ ಯಾರು ನಿಲ್ತಾರೆ?"

"ಟೊಮೆಟೊ ಹಾಕಿದಾಗ ಕೋಲಾರದ ಮಂಡೀಲಿ ನಿಂತವ್ರು ಯಾರು? ನೀವೇ ಅಲ್ವಾ? ಮಾವಿನ ಹಣ್ಣು ಏನು ಕಚ್ಚುತ್ತಾ?"

"ಆಲಿಕಲ್ಲು ಬಿದ್ರೆ?"

"ಬಿದ್ರೆ ನಮ್ಮ ಕಾಯಿ ಮೇಲೆ ಬೀಳುತ್ತೆ. ಬೇರೆಯವ್ರ ಕಾಯಿ ಮೇಲಲ್ಲ."

ಅವರು ಟವೆಲ್ ಹುಡುಕಿಕೊಂಡು ಹೊರಟರು. ತಿಂಗಳುಗಟ್ಟಲೆ ಈ ಮಾತು ಎತ್ತಿದಾಗಲೆಲ್ಲ ಟವೆಲ್ ಹೆಗಲೇರುತ್ತಿತ್ತು. ಅತ್ತೆ ಮಾತ್ರ ಯಾವ ಕಡೆಗೂ ಸೇರಲಿಲ್ಲ. ಕುಂಟುತ್ತಾ ಒಮ್ಮೊಮ್ಮೆ ಬೋಳು ಮರದ ಹತ್ತಿರ ಹೋಗಿ ನಿಂತು ಬರುತ್ತಿದ್ದರು. ಸಂಕ್ರಾಂತಿ ಹತ್ತಿರ ಬಂತು. ಮರಗಳೆಲ್ಲ ಹೂವಾದವು. ಇನ್ನೇನು ವ್ಯಾಪಾರಿ ಬರುತ್ತಾನೆ, ಗಂಡ 'ಆಯ್ತಪ್ಪಾ' ಎನ್ನುತ್ತಾರೆ, ಈ ಸಲ ಮನೆ ಮರವೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ನಾನು ಶ್ರೀನಿವಾಸಪುರಕ್ಕೆ ಹೋಗಿ ಸುಣ್ಣ ತಂದೆ, ಮನೆಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿಯೇ. ಮೂಟೆ ನೋಡಿದ ಅತ್ತೆ ತೊಟ್ಟಿಯಲ್ಲಿ ನೀರು ಹಾಕಿ ಅರಳಿಸಿದರು. ಮನೆಗೆ ಬಳಿಯುವುದು ಮುಗಿದ ಮೇಲೆ ನಾನು ಬಕೆಟ್ ಹಿಡಿದು ತೋಟಕ್ಕೆ ಹೋಗಿ ಮನೆ ಮರಕ್ಕೆ ದಪ್ಪನೆಯ ಪಟ್ಟೆ ಬಳಿದೆ. ಆಮೇಲೆ ಪಕ್ಕದ ಬಾದಾಮಿಗೆ ಬಳಿದೆ. ಆಮೇಲೆ ಅದರ ಪಕ್ಕದ್ದಕ್ಕೆ. ಬೆನ್ನು ಬಿದ್ದುಹೋಗುವಂತಾಯಿತು, ಕೈ ಸುಣ್ಣಕ್ಕೆ ಬಿರಿದು ಉರಿಯಿತು. ಬಕೆಟ್ ಖಾಲಿಯಾದಾಗಲೆಲ್ಲ ಅತ್ತೆ ಇನ್ನೊಂದು ತುಂಬಿ ಇಟ್ಟಿರುತ್ತಿದ್ದರು. ಡೇರಿಯಿಂದ ಬಂದ ಗಂಡ ಬೇಲಿಯಾಚೆ ನಿಂತು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಹಾಲಿನ ಕ್ಯಾನ್ ಹಿಡಿದು ಮನೆಗೆ ಹೋದರು.

ವ್ಯಾಪಾರಿ ಬಂದ. ಎಂದಿನಂತೆ ಹೂ ನೋಡಲು ಕತ್ತು ಎತ್ತಿಕೊಂಡೇ ತೋಟದೊಳಗೆ ನಡೆದವನು ಅರ್ಧ ದಾರಿಯಲ್ಲಿ ನಿಂತು ಬುಡಗಳನ್ನು ನೋಡಿದ. ಆ ತುದಿಯವರೆಗೂ ಬಿಳಿ ಪಟ್ಟೆಗಳೇ. ತಿರುಗಿ ನನ್ನ ಗಂಡನನ್ನು ನೋಡಿದ. ಅವರು ತಲೆ ತಗ್ಗಿಸಿದರು, ಆದರೆ ಟವೆಲ್ ಮುಟ್ಟಲಿಲ್ಲ.

"ಏನಮ್ಮಾ ಇದು?" ಎಂದು ಅವನು ಅತ್ತೆಯನ್ನು ಕೇಳಿದ. "ಇದ್ರಲ್ಲಿ ಮನೆ ಮರ ಯಾವ್ದು?"

"ಸುಣ್ಣ ಕಾಣ್ಸಲ್ವೇನಪ್ಪಾ?" ಎಂದರು ಅತ್ತೆ. "ಹೋದ್ ವರ್ಷ ನಿಮ್ಮೋರು ಸುಣ್ಣ ನೋಡೇ ಅಲ್ವಾ ಲೆಕ್ಕ ಹಾಕಿದ್ದು? ಈಗ್ಲೂ ಅದನ್ನೇ ನೋಡ್ಕೋ."

ಅವನು ಟೀ ಕುಡಿಯದೆ ಹೋದ.

ಮೊದಲ ವರ್ಷ ಎಲ್ಲ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಔಷಧಿ ತಡವಾಗಿ ಹೊಡೆದು ಒಂದಿಷ್ಟು ಹೂ ಕಪ್ಪಾಗಿ ಉದುರಿತು. ಗಾಳಿಗೆ ಉದುರಿದ ಕಾಯಿಯನ್ನು ಸೆರಗಿನಲ್ಲಿ ಆರಿಸಿಕೊಂಡೆ. ಊರವರು, ಹೆಂಡತಿಯ ಮಾತು ಕೇಳಿ ಕೆಟ್ಟ ಎಂದು ನನ್ನ ಗಂಡನನ್ನು ಅಂಗಡಿಯ ಮುಂದೆ ಆಡಿಕೊಂಡರು. ಆಡಿಕೊಳ್ಳಲಿ. ಮಾವ ರಾಗಿ ಹೊಲದಲ್ಲಿ ಸಸಿ ನೆಟ್ಟಾಗಲೂ ಇದೇ ಊರು ನಕ್ಕಿತ್ತು. ಇಲ್ಲಿ ಯಾವುದೂ ಯಾರನ್ನೂ ಕೇಳಿ ಬೆಳೆದದ್ದಲ್ಲ.

ಕಾಯಿ ಬಲಿತ ಮೇಲೆ ಮಂಡಿಗೆ ಒಂದು ಕ್ರೇಟೂ ಹೋಗುವ ಮುಂಚೆ ಮನೆ ಮರದ ಕಾಯಿ ಇಳಿಸಬೇಕು ಎಂದು ನಾನು ಹಟ ಹಿಡಿದೆ. ಬೆಳಿಗ್ಗೆ ದೋಟಿ ಹಿಡಿದು ಅದೇ ಕವಲಿನ ಮೇಲೆ ನಿಂತೆ. ಬುಡದಲ್ಲಿ ನನ್ನ ಗಂಡ ಬುಟ್ಟಿಗಳಿಗೆ ಹುಲ್ಲು ಹಾಸುತ್ತಿದ್ದರು. ಮಾಲೂರಿಗೆ ಅತ್ತೆ ಎಲ್ಲಕ್ಕಿಂತ ದೊಡ್ಡ ಬುಟ್ಟಿಯನ್ನೇ ಆರಿಸಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಎಲೆಗಳ ನಡುವೆ ನನ್ನ ಸೀರೆ ಮಾತ್ರ ಕಂಡು ಕೂಗಿ ಕೇಳಿದರು.

"ಯಾರಮ್ಮಾ ಅದು, ಮರದ ಮೇಲೆ?"

ಕೆಳಗಿನಿಂದ ನನ್ನ ಗಂಡ ತಲೆ ಎತ್ತಿ, ಡೇರಿಯವರೆಗೂ ಕೇಳಿಸುವಷ್ಟು ಜೋರಾಗಿ ಹೇಳಿದರು.

"ತೋಟದೋಳು ಕಣಯ್ಯಾ!"