ಸೂತಕ ಮುಚ್ಚಿಟ್ಟ ಶಿಗೆನೊ

ಒಸಾಕಾದ ಹಳೆಯ ಬೀದಿಯೊಂದರಲ್ಲಿ ಹಳೆ ಕಿಮೋನೊಗಳ ಹೊಲಿಗೆ ಬಿಚ್ಚಿ, ಒಗೆದು, ಮತ್ತೆ ಹೊಲಿದುಕೊಡುವುದು ಶಿಗೆನೊಳ ಕಸುಬು. ವಯಸ್ಸು ಅರವತ್ತೊಂಬತ್ತು. ಗಂಡ ಹೋದ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸಿದಳು. ಯಾರ ಮುಂದೆಯೂ ಕೈಚಾಚಲಿಲ್ಲ. ಯಾರ ತಪ್ಪನ್ನೂ ಸುಮ್ಮನೆ ಬಿಡಲೂ ಇಲ್ಲ.

ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿರುವ ಕೇರಿಯ ಗುಡಿಗೆ ಪ್ರತಿ ಡಿಸೆಂಬರಿನಲ್ಲಿ ಹೊಸ ಹುಲ್ಲಿನ ಹಗ್ಗ ಕಟ್ಟುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಅದನ್ನು ಹೊಸೆಸುವ ಯಜಮಾನಿಕೆ ಅವಳದು. ಕೇರಿಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಅದರಿಂದಲೇ ಬಂದದ್ದು. ನಿಯಮದಲ್ಲಿ ಬಲು ಬಿಗಿ. ತೋಫು ಅಂಗಡಿಯ ಹಾರುಯೊಳ ಅಪ್ಪ ತೀರಿಕೊಂಡ ವರ್ಷ, ಸೂತಕದ ಐವತ್ತು ದಿನ ಮುಗಿಯಲು ಇನ್ನು ಎರಡೇ ದಿನವಿದ್ದರೂ ಅವಳನ್ನು ತೋರಿ ಎಂಬ ಗುಡಿಯ ಕಲ್ಲಿನ ಹೆಬ್ಬಾಗಿಲಿನಿಂದ ಆಚೆಗೇ ನಿಲ್ಲಿಸಿ ವಾಪಸು ಕಳಿಸಿದ್ದಳು.

ಈ ಡಿಸೆಂಬರ್ ಮೂರರಂದು ಕೂಲಿಕಾರರ ಕೇರಿಯ ಆಸ್ಪತ್ರೆಯಿಂದ ಫೋನ್ ಬಂತು. ಅಣ್ಣ ಕುನಿಹಿಕೊ ಸತ್ತಿದ್ದ. ಅವನು ದಿನಗೂಲಿಯವನು, ಕುಡುಕ. ಎಷ್ಟೋ ವರ್ಷಗಳ ಹಿಂದೆ ಒಮ್ಮೆ ತೂರಾಡುತ್ತ ಅಂಗಡಿಗೆ ಬಂದಿದ್ದಾಗ, ಯಾರೋ ಭಿಕ್ಷುಕನೆಂದು ಅಕ್ಕಪಕ್ಕದವರಿಗೆ ಹೇಳಿಬಿಟ್ಟಿದ್ದಳು. ತಾನು ಒಬ್ಬಳೇ ಮಗಳೆಂದೂ ಹೇಳಿಕೊಂಡು ಬಂದಿದ್ದಳು. ಸೂತಕವೆಂದು ಹಗ್ಗದ ಕೆಲಸದಿಂದ ಹಿಂದೆ ಸರಿದರೆ ಸತ್ತವನು ಯಾರೆಂದು ಹೇಳಬೇಕು. ಫೋನಿನಲ್ಲಿ, "ನನಗೆ ಬರೋಕಾಗಲ್ಲ, ನೀವೇ ನೋಡ್ಕೊಳ್ಳಿ" ಎಂದಳು.

ಹದಿನೈದನೆಯ ತಾರೀಖು ಗುಡಿಯ ಅಂಗಳದಲ್ಲಿ ಹುಲ್ಲು ಬಡಿದು, ನೀರು ಚಿಮುಕಿಸಿ, ಹೆಂಗಸರು ಹೊಸೆಯಲು ಕೂತರು. ದೇವರ ಹಗ್ಗದ ಹೊಸೆತ ಎಡಕ್ಕೆ. ಹಾರುಯೊ ಮಾತಿನ ಭರದಲ್ಲಿ ಬಲಕ್ಕೆ ತಿರುಗಿಸಿದಳು.

"ಏನೇ ಅದು, ಮೂಟೆ ಕಟ್ಟೋಕೆ ಹಗ್ಗ ಮಾಡ್ತಿದ್ದೀಯಾ?" ಎಂದು ಗದರಿದಳು ಶಿಗೆನೊ.

"ಅಕ್ಕಾ, ದೇವರು ಕ್ಷಮಿಸಿದರೂ ನೀವು ಕ್ಷಮಿಸಲ್ಲ ಬಿಡಿ," ಎಂದಳು ಹಾರುಯೊ. ಎಲ್ಲರೂ ನಕ್ಕರು. ಶಿಗೆನೊ ಕೂಡ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಹಗ್ಗ ಗುಡಿಯ ಮುಂದೆ ತೂಗುತ್ತಿತ್ತು. ಅರ್ಚಕರು ಬಾಗಿ ಕೈಮುಗಿದರು. ಅಷ್ಟರಲ್ಲಿ ತೋರಿಯ ಆಚೆಯಿಂದ ಒಂದು ಒರಟು ದನಿ ಕೇಳಿಸಿತು.

"ಶಿಗೆನೊ ಅನ್ನೋರು ಇಲ್ಲಿದ್ದಾರೆ ಅಂದ್ರು ಅಂಗಡಿ ಪಕ್ಕದೋರು. ಸ್ವಲ್ಪ ಹೊರಗೆ ಬರ್ತೀರಾ ತಾಯಿ?"

ಮಾಸಿದ ಕೋಟಿನ ಮುದುಕ. ಎದೆಗೆ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಅವುಚಿಕೊಂಡಿದ್ದ. ಅದರಲ್ಲೇನಿದೆಯೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಒಳಗೇ ಬನ್ನಿ, ಯಜಮಾನ್ರೇ," ಎಂದರು ಯಾರೋ.

"ಅಯ್ಯೋ, ಹೆಂಗೆ ಬರ್ಲಿ? ಮೂಳೆ ಹೊತ್ಕೊಂಡು ತೋರಿ ದಾಟೋಕಾಗುತ್ತಾ? ನಾನು ಕುಡಿದು ಕೆಟ್ಟೋನು ನಿಜ, ಆದ್ರೂ ಅಷ್ಟು ತಿಳಿಯುತ್ತೆ. ನಾನು ತೊಕುಜಿ, ಕುನಿಹಿಕೊ ಜೊತೆ ಕೆಲಸ ಮಾಡ್ತಿದ್ದೆ. ಅವನ ತಂಗಿಗೆ ಇದನ್ನ ಒಪ್ಪಿಸ್ಬೇಕು."

ಹಾರುಯೊ ಎದ್ದುನಿಂತಳು. "ತಪ್ಪು ಜಾಗಕ್ಕೆ ಬಂದ್ರಿ. ನಮ್ಮ ಶಿಗೆನೊ ಅಕ್ಕಂಗೆ ಅಣ್ಣನೇ ಇಲ್ಲ. ಸೂತಕ ಇಟ್ಕೊಂಡು ಹುಲ್ಲು ಮುಟ್ಟೋರಲ್ಲ ಅವ್ರು."

ಆ ಮಾತಿನ ಹಿಂದೆ ಅಡಗಿಕೊಳ್ಳಬಹುದಿತ್ತು. ಶಿಗೆನೊ ಅಡಗಿಕೊಂಡಳು ಕೂಡ. ಮುದುಕ ಗಲಿಬಿಲಿಗೊಂಡು ತಲೆಬಾಗಿಸಿ, "ಕ್ಷಮಿಸಿ, ಹಾಗಾದ್ರೆ..." ಎಂದು ತಿರುಗಿ ನಾಲ್ಕು ಹೆಜ್ಜೆ ಹಾಕುವವರೆಗೂ ಬಾಯಿ ಬಿಡಲಿಲ್ಲ.

ಆಮೇಲೆ, "ನಿಲ್ಲಿ. ನನ್ನಣ್ಣನೇ," ಎಂದಳು.

ಯಾರಾದರೂ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅಂಗೈಗೆ ಅಂಟಿದ್ದ ಹುಲ್ಲಿನ ಚೂರುಗಳನ್ನು ಒರೆಸಿಕೊಳ್ಳುತ್ತ ತೋರಿ ದಾಟಿ ಹೊರಗೆ ಬಂದಳು. ತೊಕುಜಿ ಪೆಟ್ಟಿಗೆ ಕೊಟ್ಟ.

"ಎರಡೂ ಕೈಲಿ ಹಿಡ್ಕೊಳ್ಳಿ ತಾಯಿ. ಭಾರ ಏನಿಲ್ಲ."

ಒಳಗೆ ಅರ್ಚಕರು ಮೆಲ್ಲಗೆ, "ಹಗ್ಗ ಇಳಿಸಿ. ಬೇರೆ ಹುಲ್ಲು ತರಿಸ್ತೀನಿ. ಈ ಸಲ ಹಾರುಯೊ ನೋಡಿಕೊಳ್ಳಲಿ," ಎಂದರು. ಇಬ್ಬರು ಏಣಿ ತರಲು ಹೋದರು.

ಹಾರುಯೊ ಮಾತ್ರ ತೋರಿಯ ಕಂಬದವರೆಗೆ ಬಂದು ಅಲ್ಲೇ ನಿಂತಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ.

"ಎಷ್ಟು ವಯಸ್ಸಾಗಿತ್ತು ಅಕ್ಕಾ, ನಿಮ್ಮಣ್ಣನಿಗೆ?"

ಶಿಗೆನೊ ಲೆಕ್ಕ ಹಾಕಲು ನೋಡಿದಳು. ತನಗಿಂತ ಮೂರು ವರ್ಷ ದೊಡ್ಡವನೋ, ನಾಲ್ಕೋ. ತಿಳಿಯಲಿಲ್ಲ. ಮುದುಕನ ಕಡೆ ತಿರುಗಿದಳು.

"ಎಪ್ಪತ್ತಮೂರು," ಎಂದ ತೊಕುಜಿ.